ಫಿಲ್ಮಿನ ಅಂಚಿನ ಅಕ್ಕಿಕಾಳು

ರೇಡಿಯಾಲಜಿ ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಮೆಷಿನ್ ಯಾವ ಕಂಪನಿಯದು, ಭಾನುವಾರ ರಜೆ ಇದೆಯೋ ಇಲ್ಲವೋ. ಮೆಷಿನ್ ಯಾವ ಕಂಪನಿಯದಾದರೂ ಎಸಿ ಕೆಟ್ಟ ದಿನ ನಿಲ್ಲುತ್ತದೆ. ಭಾನುವಾರ ರಜೆ ಇರುತ್ತದೆ, ಆದರೆ ಹೆದ್ದಾರಿಯಲ್ಲಿ ಬೈಕಿನಿಂದ ಬೀಳುವವರಿಗೆ ಅದು ಗೊತ್ತಿರುವುದಿಲ್ಲ. ಮೂರನೆಯ ಪ್ರಶ್ನೆಯೊಂದನ್ನು ಅವರು ಕೇಳುವುದೇ ಇಲ್ಲ. ಅದನ್ನು ನಾನೂ ನನ್ನ ಕಾಲದಲ್ಲಿ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬಡ್ತಿಯ ಕಥೆ ಇದರಲ್ಲಿಲ್ಲ. ನನಗೆ ಬಂದದ್ದು ಒಂದೇ ಬಡ್ತಿ, ಅದು ಬಂದ ಮೇಲೂ ಕೂತ ಕುರ್ಚಿ ಅದೇ.

ನಾನು ನಾಗವೇಣಿ, ಭಟ್ಕಳದ ಹತ್ತಿರದ ಬೆಳಕೆ ಊರಿನವಳು. ಮೊದಲು ಭಟ್ಕಳದಲ್ಲಿ ಎಕ್ಸ್‌ರೇ ತೆಗೆದೆ, ಆಮೇಲೆ ಹೊನ್ನಾವರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿಟಿ, ಎಂಆರ್‌ಐ ಮಾಡಿದೆ. ಜನ ನನ್ನನ್ನು ಎಕ್ಸ್‌ರೇ ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಅಕ್ಕೋರು ಅಂದರೆ ಶಾಲೆಯ ಟೀಚರು. ನಾನು ಯಾರಿಗೂ ಪಾಠ ಹೇಳಿದವಳಲ್ಲ. "ಉಸಿರು ಹಿಡಿ, ಅಲ್ಲಾಡಬೇಡ" ಎಂದು ದಿನವಿಡೀ ಗದರುತ್ತಿದ್ದುದಕ್ಕೆ ಆ ಹೆಸರು ಅಂಟಿಕೊಂಡಿತು. ನನಗೂ ಅದು ಇಷ್ಟವೇ ಆಗಿತ್ತು.

ಭಟ್ಕಳದಲ್ಲಿದ್ದಾಗ ಡಾರ್ಕ್ ರೂಮಿನ ಕಾಲ. ಕತ್ತಲೆ ಕೋಣೆಯಲ್ಲಿ ಫಿಲ್ಮನ್ನು ರಾಸಾಯನಿಕದಲ್ಲಿ ಅದ್ದಿ, ತೊಳೆದು, ತಂತಿಗೆ ಸಿಕ್ಕಿಸಿ ಒಣಗಿಸಬೇಕು. ಮಳೆಗಾಲದಲ್ಲಿ ಅದು ಒಣಗುವಷ್ಟರಲ್ಲಿ ರೋಗಿಯ ಕೆಮ್ಮೇ ಗುಣವಾಗಿರುತ್ತಿತ್ತು. ಸೀರೆಗೆಲ್ಲ ಆ ವಾಸನೆ. ಬಸ್ಸಿನಲ್ಲಿ ಮೀನು ಮಾರುವ ಹೆಂಗಸರು ನನ್ನ ಪಕ್ಕದಿಂದ ಎದ್ದು ಹೋಗುತ್ತಿದ್ದರು ಎಂದರೆ ನೀವೇ ಲೆಕ್ಕ ಹಾಕಿ.

ಅಲ್ಲಿ ನಾನು ಮಾಡಿದ ಮೊದಲ ದೊಡ್ಡ ಎಡವಟ್ಟು ಒಂದು ಸೇಫ್ಟಿ ಪಿನ್ನಿನದು. ಊರಿನ ನವಾಯತ್ ಮುಸ್ಲಿಮರ ಮನೆಯ ಅಜ್ಜಿಯೊಬ್ಬರು ಕೆಮ್ಮು ಎಂದು ಬಂದಿದ್ದರು. ಮೈಮೇಲಿನ ಲೋಹವನ್ನೆಲ್ಲ ತೆಗೆಸಬೇಕು ಎನ್ನುವುದು ಮೊದಲ ಪಾಠ. ಸರ ತೆಗೆಸಿದೆ, ಬಳೆ ತೆಗೆಸಿದೆ. ಒಳ ರವಿಕೆಗೆ ಸಿಕ್ಕಿಸಿದ್ದ ಪಿನ್ನನ್ನು ಕೇಳಲಿಲ್ಲ. ಫಿಲ್ಮಿನಲ್ಲಿ ಎದೆಯ ನಟ್ಟನಡುವೆ ಬಾಯಿ ತೆರೆದ ಪಿನ್ನು. ಡ್ಯೂಟಿಯಲ್ಲಿದ್ದ ಹೊಸ ಡಾಕ್ಟರು ಅಜ್ಜಿ ಪಿನ್ನು ನುಂಗಿದ್ದಾರೆ ಎಂದು ಮಂಗಳೂರಿಗೆ ಓಡಿಸಿದರು. ಅಲ್ಲಿ ರವಿಕೆಯಿಂದ ಪಿನ್ನು ಬಿಚ್ಚಿ ಕೈಗೆ ಕೊಟ್ಟು ಕಳುಹಿಸಿದರಂತೆ. ಮೂರನೆಯ ದಿನ ಅಜ್ಜಿ ನನ್ನನ್ನೇ ಹುಡುಕಿಕೊಂಡು ಬಂದು ಪಿನ್ನನ್ನು ಮೇಜಿನ ಮೇಲಿಟ್ಟರು. "ಬೇಟಿ, ನಿನ್ನಿಂದಾಗಿ ಮಂಗಳೂರು ನೋಡ್ದಂಗಾತು. ಮುಂದಿನ್ ಸಲ ಬೊಂಬಾಯಿಗೆ ಕಳ್ಸು" ಎಂದರು. ನಾನು ನಾಚಿಕೆಯಿಂದ ಹಿಡಿಯಷ್ಟಾದೆ.

ಆ ಫಿಲ್ಮು ನಮ್ಮ ರೇಡಿಯಾಲಜಿಸ್ಟ್ ಶಾನಭಾಗ ಡಾಕ್ಟರ ಕೈಗೂ ಹೋಯಿತು. ಅವರು ಕುಮಟೆಯವರು. ವಾರಕ್ಕೆ ಎರಡು ದಿನ ಭಟ್ಕಳಕ್ಕೆ ಬಂದು ಫಿಲ್ಮು ನೋಡಿ ವರದಿ ಬರೆಯುತ್ತಿದ್ದರು. ಮುಂದೆ ಹೊನ್ನಾವರದ ಸೆಂಟರಿಗೂ ಅವರೇ ಬಂದರು. ನನ್ನನ್ನು ಅಲ್ಲಿಗೆ ಕರೆಸಿಕೊಂಡವರೂ ಅವರೇ. ಶುದ್ಧ ಮುಂಗೋಪಿ, ಆದರೆ ಕೋಪವನ್ನು ಊಟದ ಹೊತ್ತಿಗೆ ಮರೆಯುವವರು. ಅಂದು ಫಿಲ್ಮನ್ನು ಬೆಳಕಿಗೆ ಹಿಡಿದು ಹೇಳಿದರು: "ನಾಗವೇಣಿ, ಕೇಳಿದ್ದು ಶ್ವಾಸಕೋಶ. ಶ್ವಾಸಕೋಶ ಮಾತ್ರ ತೋರಿಸು. ಕೇಳದ್ದು ಫಿಲ್ಮಿನಲ್ಲಿ ಇರಬಾರದು."

ಈ ಮಾತನ್ನು ನಾನು ದೇವರ ಪಟದಂತೆ ಮನಸ್ಸಿನಲ್ಲಿ ತೂಗುಹಾಕಿಕೊಂಡೆ. ಅಂದಿನಿಂದ ನನ್ನ ಫಿಲ್ಮುಗಳಷ್ಟು ಚೊಕ್ಕಟವಾದವು ಜಿಲ್ಲೆಯಲ್ಲಿ ಇರಲಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಎಂಆರ್‌ಐ ಬಂದ ಮೇಲೂ ಅದೇ ಚಾಳಿ. ಎಂಆರ್‌ಐಯಲ್ಲಿ ಚಿತ್ರದ ಅಂಚಿಗೆ ಹೋದಷ್ಟೂ ನಂಬಿಕೆ ಕಡಿಮೆ. ಕೆಳಗಡೆ ಚಿತ್ರ ಸೊಟ್ಟಗಾಗುತ್ತದೆ, ಇಲ್ಲದ ಬಿಳಿ ಕಲೆ ಕಾಣುತ್ತದೆ. ಹಾಗಾಗಿ ತಲೆಯ ಸ್ಕ್ಯಾನ್ ಆದರೆ ಮಿದುಳನ್ನು ದೊಡ್ಡದು ಮಾಡಿ, ಕುತ್ತಿಗೆಯ ಕಡೆಯ ಭಾಗವನ್ನು ಕತ್ತರಿಸಿ, ಒಂದು ಫಿಲ್ಮ್ ಹಾಳೆಯಲ್ಲಿ ಇಪ್ಪತ್ತು ಚಿತ್ರ ಸಾಲಾಗಿ ಕೂರಿಸುತ್ತಿದ್ದೆ. ಶಾನಭಾಗ ಡಾಕ್ಟರು ಹಳೆಯ ಕಾಲದವರು. ಕಂಪ್ಯೂಟರ್ ತೆರೆಯ ಮುಂದೆ ಕೂರುವವರಲ್ಲ. ನಾನು ಕೊಟ್ಟ ಹಾಳೆಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡುತ್ತಿದ್ದರು. ಅಂದರೆ ನಾನು ತೋರಿಸಿದ್ದನ್ನು ಮಾತ್ರ ಅವರು ನೋಡುತ್ತಿದ್ದರು. ಈ ವಾಕ್ಯವನ್ನು ಇಂದು ಬರೆಯುವುದು ಸುಲಭ. ಆಗ ನನಗೆ ಇದು ಹೊಳೆದೇ ಇರಲಿಲ್ಲ.

ಎಂಆರ್‌ಐಯಲ್ಲಿ ಮಕ್ಕಳನ್ನು ಅಲ್ಲಾಡದೆ ಮಲಗಿಸುವುದೇ ಒಂದು ವಿದ್ಯೆ. ಕೊಳವೆಯೊಳಗೆ ಆ ಪಾಟಿ ಸದ್ದು. ಸಾಮಾನ್ಯವಾಗಿ ನಿದ್ದೆ ಬರಿಸುವ ಔಷಧ ಬೇಕಾಗುತ್ತಿತ್ತು. ಔಷಧ ಬೇಡವೆಂದ ಮೊದಲ ಮಗು ಕರ್ಕಿಯ ಮಾನ್ಯಾ. ಆಗ ಅವಳಿಗೆ ಏಳು ವರ್ಷ. ತಾಯಿ ಸುಮಿತ್ರಾ ಯಕ್ಷಗಾನ ಮೇಳದ ವೇಷಗಳಿಗೆ ಬಟ್ಟೆ ಹೊಲಿಯುವವಳು, ತಂದೆ ಗೂಡ್ಸ್ ರಿಕ್ಷಾ ಓಡಿಸುವವನು. ಮಗು ಹುಟ್ಟಿದಾಗಿನಿಂದ ಚಂಡೆಯ ಸದ್ದಿನಲ್ಲೇ ಬೆಳೆದದ್ದು. ಕೊಳವೆಯಿಂದ ಹೊರಗೆ ಬಂದು ಅವಳು ಹೇಳಿದ ಮೊದಲ ಮಾತು, "ಅಕ್ಕೋರೆ, ನಿಮ್ ಮೆಷಿನ್ ಚಂಡೆ ಹೊಡಿತದೆ. ಆದ್ರೆ ನಡುವೆ ನಡುವೆ ತಾಳ ತಪ್ತದೆ."

ನಾನು ನಕ್ಕೆ. ತೆರೆಯ ಮೇಲೆ ಬಂದ ಚಿತ್ರ ನೋಡಿ ನಗು ನಿಂತಿತು. ಕೆಲವು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೆ ತಲೆನೋವು, ವಾಂತಿ. ಪಿತ್ತ ಎಂದು ಕಷಾಯ ಕುಡಿಸಿದ್ದರು, ಕಣ್ಣಿನ ದೋಷ ಎಂದು ಕುಮಟೆಯಲ್ಲಿ ಕನ್ನಡಕ ಹಾಕಿಸಿದ್ದರು. ತಲೆಯ ಹಿಂಭಾಗದಲ್ಲಿ ಗಡ್ಡೆ ಇತ್ತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಡ್ಡೆಯ ಪರೀಕ್ಷೆಯಲ್ಲಿ ಅದು ತೀರ ಸಾಧು ಜಾತಿಯದು, ಕ್ಯಾನ್ಸರ್ ಅಲ್ಲ ಎಂದು ಬಂತು. ಸುಮಿತ್ರಾ ಅಂದು ನಮ್ಮ ಸೆಂಟರಿಗೆಲ್ಲ ಪಂಚಕಜ್ಜಾಯ ಹಂಚಿದಳು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಾನು ಹೇಳಿದೆ: "ಸಾದಾ ಗಡ್ಡೆ ಕಣೆ. ಇದ್ದಲ್ಲೇ ಇರೂದು, ಊರೂರು ತಿರ್ಗೂದಲ್ಲ. ತೆಗ್ದಾತು ಅಂದ್ರೆ ಮುಗ್ದೋತು." ಹಾಗೆ ಹೇಳುವುದು ನನ್ನ ಕೆಲಸವಲ್ಲ. ಫೋಟೊ ತೆಗೆಯುವವಳು ಭವಿಷ್ಯ ಹೇಳಬಾರದು. ಬಾಯಿ ಸುಮ್ಮನಿರಲಿಲ್ಲ.

ಸ್ವಲ್ಪ ಗಡ್ಡೆ ಒಳಗೆ ಉಳಿದಿತ್ತು. ಅದು ಬೆಳೆಯುತ್ತದೆಯೇ ಎಂದು ನೋಡಲು ಆಗಾಗ ಸ್ಕ್ಯಾನ್ ಮಾಡಿಸಬೇಕು. ದೊಡ್ಡ ಆಸ್ಪತ್ರೆ ದೂರ. ಅದಕ್ಕೆ ಸ್ಕ್ಯಾನ್ ನಮ್ಮಲ್ಲಿ, ಹಾಳೆ ಮಾತ್ರ ಅಲ್ಲಿಗೆ. ಮೂರನೆಯ ಸಲ ಬಂದಾಗ ಮಾನ್ಯಾ ಮಂಚ ಹತ್ತಲು ಸ್ವಲ್ಪ ತಡ ಮಾಡಿದಳು. "ಬೆನ್ನು ನೋವ್ತದೆ ಅಂಬ್ತದೆ" ಎಂದಳು ಸುಮಿತ್ರಾ. "ಶಾಲೇಲಿ ಕುಣ್ತ ಕಲಿಸ್ತ್ರು, ಅದ್ಕೇ ಇರ್ಬೇಕು." ದೊಡ್ಡ ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದು ತಲೆ. ನಾನು ತಲೆ ಮಾಡಿದೆ.

ಪಕ್ಕದಿಂದ ತೆಗೆದ ಚಿತ್ರದಲ್ಲಿ, ತೀರ ಕೆಳಗೆ, ಕುತ್ತಿಗೆಯೊಳಗಿನ ಬೆನ್ನುಹುರಿಯ ಹಿಂದೆ ಒಂದು ಬಿಳಿ ಚುಕ್ಕೆ ಇತ್ತು. ಅಕ್ಕಿಕಾಳಿನಷ್ಟು. ನಾನು ಅದನ್ನು ನೋಡಿದೆ. ಅಂಚಿನ ಕಲೆ ಅಂದುಕೊಂಡೆ. ಎಂದಿನಂತೆ ಅಂಚು ಕತ್ತರಿಸಿದೆ, ಚಿತ್ರ ದೊಡ್ಡದು ಮಾಡಿದೆ, ಹಾಳೆ ಮುದ್ರಿಸಿದೆ. ಶಾನಭಾಗ ಡಾಕ್ಟರು ಬೆಳಕಿಗೆ ಹಿಡಿದು, ಗಡ್ಡೆ ಬೆಳೆದಿಲ್ಲ ಎಂದು ಬರೆದರು. ಅದು ನಿಜವೇ ಆಗಿತ್ತು. "ಹಾಳೆ ಅಂದ್ರೆ ಹೀಗಿರಬೇಕು" ಎಂದು ಹೊಗಳಿದರು ಕೂಡ.

ಕೆಲವು ವಾರಗಳ ಮೇಲೆ ಒಂದು ಶುಕ್ರವಾರ ಸುಮಿತ್ರಾ ಒಬ್ಬಳೇ ಬಂದಳು. ಶಾಲೆಗೆ ಕೊಡಲು ವರದಿಯ ಜೆರಾಕ್ಸ್ ಬೇಕಿತ್ತು.

"ಶಾಲೆಗೆ ಎಂತಕ್ಕೆ?" ಎಂದೆ.

"ಆಟಕ್ಕೆ ಕರ್ಕಳೂದು ಬ್ಯಾಡ ಹೇಳಿ. ಮೆಟ್ಲು ಹತ್ತೂಕೆ ಆತಿಲ್ಲ ಮಗೀಗೆ. ಎರಡು ಸಲ ಬಿದ್ತು. ಈಗ ನಾನೇ ಎತ್ಕಂಡ್ ಹೋತೆ. ಎಣ್ಣೆ ಹಚ್ಚಿ ತಿಕ್ತೆ, ಶಕ್ತಿಗೆ ಟಾನಿಕ್ ಕೊಟ್ಟಿದ್ರು. ತಲೇಲಿ ಎಂತದೂ ಬೆಳೀಲಿಲ್ಲ ಹೇಳಿ ನೀವೇ ಬರ್ದಿರಲ, ಅದೊಂದ್ ಸಮಾಧಾನ."

ಅಂಚಿನ ಆ ಅಕ್ಕಿಕಾಳು ನೆನಪಾಯಿತು. ಜೆರಾಕ್ಸ್ ಕೊಟ್ಟು, ಸ್ವಲ್ಪ ಕೂತಿರು ಎಂದು ಹೇಳಿ ಒಳಗೆ ಹೋದೆ. ಮೆಷಿನ್ನಿನಲ್ಲಿ ಜಾಗ ಸಾಲದೆ ಪ್ರತಿ ಶನಿವಾರ ಹಳೆಯ ಸ್ಕ್ಯಾನುಗಳನ್ನು ಅಳಿಸುವ ಪದ್ಧತಿ ಇತ್ತು. ಅಳಿಸುವವಳೂ ನಾನೇ. ಪಟ್ಟಿಯನ್ನು ಕೆಳಗಿನಿಂದ ನೋಡುತ್ತ ಬಂದೆ. ಮಾನ್ಯಾಳ ಹೆಸರು ಕೆಳಗಿನಿಂದ ಮೂರನೆಯದು. ಮರುದಿನ ನಾನೇ ಅಳಿಸಿಬಿಡುತ್ತಿದ್ದೆ. ಕತ್ತರಿಸದ ಚಿತ್ರ ತೆರೆದೆ. ಅಕ್ಕಿಕಾಳು ಅಲ್ಲೇ ಇತ್ತು. ಇಷ್ಟು ದಿನ ಅದಕ್ಕೆ ಕಲೆ ಎಂದು ಹೆಸರಿಟ್ಟಿದ್ದೆ. ಕಲೆಯಾದರೆ ಒಂದು ಚಿತ್ರದಲ್ಲಿ ಇದ್ದದ್ದು ಮತ್ತೊಂದರಲ್ಲಿ ಸರಿಯುತ್ತದೆ. ಇದು ಪಕ್ಕದ ಚಿತ್ರದಲ್ಲೂ ಅದೇ ಜಾಗದಲ್ಲಿ ಕೂತಿತ್ತು. ಅದರ ಕೆಳಗೆ, ಚಿತ್ರ ಮುಗಿಯುವಲ್ಲಿ, ಇನ್ನೊಂದರ ಅರ್ಧ ಕಾಣುತ್ತಿತ್ತು.

ಸುಳ್ಳು ಹೇಳುವುದಿಲ್ಲ. ಒಂದು ನಿಮಿಷ ಕೂತೆ. ಅಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುವ ಯೋಚನೆ ಬಂತು. ಬಂದದ್ದಕ್ಕೆ ಇವತ್ತಿಗೂ ನಾಚಿಕೆ ಇದೆ. ಎದ್ದು ಹೋಗಿ ಶಾನಭಾಗ ಡಾಕ್ಟರನ್ನು ಕೈಹಿಡಿದು ತೆರೆಯ ಮುಂದೆ ಕೂರಿಸಿದೆ. "ಇದನ್ನು ಅಂದೇ ನೋಡಿದ್ದೆ ಸಾರ್. ಅಂಚು ಎಂದು ಕತ್ತರಿಸಿದೆ. ಈಗ ಆ ಮಗು ಮೆಟ್ಟಿಲು ಹತ್ತುತ್ತಿಲ್ಲ."

ಬೈಗುಳಕ್ಕೆ ಕಾಯುತ್ತ ನಿಂತೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಕೇಳದ್ದು ಇರಬಾರದು ಅಂತ ನಿನಗೆ ಕಲಿಸಿದವನು ನಾನು" ಎಂದರು. "ಮಗುವನ್ನು ಈಗಲೇ ಕರೆಸು. ಪೂರ್ತಿ ಬೆನ್ನು ನೋಡೋಣ."

ತಂದೆ ಗೂಡ್ಸ್ ರಿಕ್ಷಾದಲ್ಲೇ ಮಗುವನ್ನು ತಂದ. ಹೆಚ್ಚುಕಡಿಮೆ ಒಂದು ಗಂಟೆಯ ಸ್ಕ್ಯಾನ್. ಮಾನ್ಯಾ ಒಳಗೆ ತಾಳ ಎಣಿಸುತ್ತ ಕದಲದೆ ಮಲಗಿದ್ದಳು. ಕುತ್ತಿಗೆಯಿಂದ ಸೊಂಟದವರೆಗೆ ಹುರಿಯುದ್ದಕ್ಕೂ ಒಂಬತ್ತು ಕಾಳುಗಳು. ಒಂದು ಸ್ವಲ್ಪ ದೊಡ್ಡದಾಗಿ ಹುರಿಯನ್ನು ಒತ್ತುತ್ತಿತ್ತು. ಶಾನಭಾಗ ಡಾಕ್ಟರು ದೊಡ್ಡ ಆಸ್ಪತ್ರೆಯ ಮಿದುಳಿನ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದರು. "ಸಾಧು ಗಡ್ಡೆ ಹೀಗೆ ಹರಡುತ್ತದಾ?" ಎಂದು ಕೇಳುವಾಗ ಅವರ ದನಿ ವಿದ್ಯಾರ್ಥಿಯದಾಗಿತ್ತು. ಹರಡುವುದು ಅಪರೂಪ, ಆದರೆ ಮಕ್ಕಳಲ್ಲಿ ಉಂಟು. ಮಿದುಳು, ಬೆನ್ನುಹುರಿ ಎರಡನ್ನೂ ಸುತ್ತಿರುವುದು ಒಂದೇ ನೀರು, ಅದರಲ್ಲಿ ಕಣಗಳು ಜಾರಿ ಬರುತ್ತವೆ. ಹರಡಿದ ಮಾತ್ರಕ್ಕೆ ಕ್ಯಾನ್ಸರ್ ಆಯಿತು ಎಂದಲ್ಲ, ಬೆಳೆಯುವುದು ನಿಧಾನವೇ, ಮದ್ದಿದೆ, ಬೇಗ ಕಳುಹಿಸಿ ಎಂದು ಆ ಕಡೆಯಿಂದ ಉತ್ತರ ಬಂತು.

ಸುಮಿತ್ರಾಳಿಗೆ ಹೇಳುವ ಕೆಲಸ ಡಾಕ್ಟರದು. ಅವರು ಹೇಳಿದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ನಾನು ಪಕ್ಕದಲ್ಲಿ ಕೂತು ಹೇಳಿದೆ: "ಶರಾವತಿ ಸಮುದ್ರ ಸೇರೂ ಕಡೆ ಕಾಂಡ್ಲಾ ಗಿಡ ಇರ್ತದಲ, ಅದ್ರ ಕಾಯಿ ನೀರಿಗೆ ಬಿದ್ದು ತೇಲ್ಕಂಡ್ ಹೋಗಿ ಬೇರೆ ಕಡೆ ಕೆಸರಲ್ಲಿ ಬೇರು ಬಿಡ್ತದೆ. ಗಿಡ ಅದೇ ಕಾಂಡ್ಲಾ. ಹಾಗೇ ಇದು." ಅವಳು ತಲೆಯಾಡಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇದನ್ನ ಹೋದ್ ಸಲನೇ ನಾ ಕಂಡಿದ್ದೆ ಸುಮಿತ್ರಾ. ಅಂಚಲ್ಲಿತ್ತು. ಚಂದ ಕಾಣ್ಲಿ ಹೇಳಿ ಕತ್ತರಿಸ್ದೆ."

"ನಾನೂ ಕತ್ರಿ ಹಿಡಿಯವ್ಳೇ ಅಕ್ಕೋರೆ" ಎಂದಳು. "ನಾ ತಪ್ ಕತ್ತರಿಸ್ದ್ರೆ ಒಂದ್ ವೇಷ ಹಾಳಾತದೆ. ಬೇರೆ ಬಟ್ಟೆ ತತ್ತೆ." ಮಗುವನ್ನು ಎತ್ತಿಕೊಂಡು ಹೊರಟಳು. ಮನೆಗೆ ಹೋಗಿ ಅತ್ತೆ. ಗಂಡ ಎಂತ ಆತು ಎಂದು ಕೇಳಿದರು. ಮಾಡಿದ್ದನ್ನು ಅವರಿಗೂ ಹೇಳಿದೆ.

ಮದ್ದು ವರ್ಷಕ್ಕಿಂತ ಹೆಚ್ಚು ಕಾಲ ನಡೆಯಿತು. ಮೊದಲು ವಾರವಾರ ಇಂಜೆಕ್ಷನ್, ಆಮೇಲೆ ಅಂತರ ಬಿಟ್ಟು. ಜೊತೆಗೆ ಕಾಲಿಗೆ ವ್ಯಾಯಾಮ. ನಡುವೆ ನಮ್ಮಲ್ಲಿ ಸ್ಕ್ಯಾನಿಗೆ ಬರುತ್ತಿದ್ದರು, ಆದರೆ ಸುಮಿತ್ರಾ ಕೌಂಟರಿನಲ್ಲೇ ಹೇಳಿಬಿಟ್ಟಿದ್ದಳು, ಅಕ್ಕೋರು ಮಾಡುವುದು ಬೇಡ ಎಂದು. ನನ್ನ ಸಹೋದ್ಯೋಗಿ ಪ್ರಸನ್ನ ಮಾಡುತ್ತಿದ್ದ. ಅವಳು ಬಂದ ದಿನ ನಾನು ಎಕ್ಸ್‌ರೇ ಕೋಣೆಯಲ್ಲಿ ಇರುತ್ತಿದ್ದೆ. ಬೇಜಾರಾಯಿತೇ ಎಂದರೆ ಆಯಿತು. ಅನ್ಯಾಯ ಎನಿಸಲಿಲ್ಲ. ಮಾನ್ಯಾ ಮಾತ್ರ ತಾಯಿಯ ಹೆಗಲ ಮೇಲಿಂದ ನನಗೆ ಕೈ ಬೀಸುತ್ತಿದ್ದಳು. ಕೂದಲು ಉದುರಿದ ತಲೆಗೆ ತಾಯಿ ವೇಷದ ಜರಿ ಬಟ್ಟೆಯಲ್ಲೇ ಟೊಪ್ಪಿ ಹೊಲಿದುಕೊಟ್ಟಿದ್ದಳು. ನಮ್ಮ ಸೆಂಟರಿನ ಕಾಯುವ ಕೋಣೆಗೆ ಅಷ್ಟು ಮಿನುಗುವ ರೋಗಿ ಮತ್ತೆ ಬಂದಿಲ್ಲ.

ಅಷ್ಟರಲ್ಲಿ ನಾವು ಕೆಲಸದ ರೀತಿ ಬದಲಿಸಿದೆವು. ಶಾನಭಾಗ ಡಾಕ್ಟರು ಆ ವಯಸ್ಸಿನಲ್ಲಿ ಮೌಸ್ ಹಿಡಿಯಲು ಕಲಿತರು. ಬಾಣದ ಗುರುತು ಸಿಗದೆ ಮೌಸನ್ನೇ ಬೈಯುತ್ತಿದ್ದರು. ಕತ್ತರಿಸದ ಚಿತ್ರಗಳನ್ನೆಲ್ಲ ಸಿಡಿಯಲ್ಲಿ ಹಾಕಿ ಕೊಡತೊಡಗಿದೆವು. ಅಂಚಿನಲ್ಲಿ ಏನಾದರೂ ಕಂಡರೆ, ಅದು ನೂರಕ್ಕೆ ನೂರು ಕಲೆಯೇ ಎನಿಸಿದರೂ, ಚೀಟಿಯಲ್ಲಿ ಬರೆದು ಡಾಕ್ಟರ ಮೇಜಿಗೆ ಇಡುವುದು. ಅದು ಏನೆಂದು ತೀರ್ಮಾನಿಸುವುದು ಅವರ ಕೆಲಸ. ತಲೆಯ ಗಡ್ಡೆಯ ಮಗು ಬಂದರೆ, ಗಡ್ಡೆ ಎಷ್ಟೇ ಸಾಧು ಇರಲಿ, ಬೆನ್ನು ನೋವುಂಟೇ, ಬೀಳುತ್ತದೆಯೇ, ಮೂತ್ರ ಸರಿ ಹೋಗುತ್ತದೆಯೇ ಎಂದು ಮಂಚ ಹತ್ತಿಸುವ ಮೊದಲೇ ಕೇಳುವುದು. ನಾನು ಮೊದಲಿಗೆ ಹೇಳಿದ ಮೂರನೆಯ ಪ್ರಶ್ನೆ ಇದೇ. ರೋಗಿ ತಂದ ಚೀಟಿಯಲ್ಲಿ ಬರೆದಿಲ್ಲದ ನೋವು ಯಾವುದಾದರೂ ಇದೆಯೇ. ಹೊಸಬರೆ, ಇದನ್ನು ಕೇಳಲು ಅರ್ಧ ನಿಮಿಷ ಸಾಕು.

ಪ್ರಸನ್ನ ತಂಗಿಯ ಮದುವೆಗೆ ರಜೆ ಹಾಕಿದ ದಿನ ಸುಮಿತ್ರಾ ಮಗಳನ್ನು ಕರೆದುಕೊಂಡು ಬಂದಳು. ಆತ ಇಲ್ಲ, ಸೋಮವಾರ ಬಾ ಎಂದರು ಕೌಂಟರಿನಲ್ಲಿ. ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಎಕ್ಸ್‌ರೇ ಕೋಣೆಗೆ ಬಂದು ಹೇಳಿದಳು: "ನೀವೇ ಮಾಡಿ. ಆದ್ರೆ ಎಂತದೂ ಕತ್ತರಿಸ್ಬ್ಯಾಡಿ. ನಂಗೂ ತೋರ್ಸಿ." ಮಾಡಿದೆ. ಡಾಕ್ಟರು ನೋಡಿ ವರದಿ ಹೇಳಿದ ಮೇಲೆ ತಾಯಿ ಮಗಳಿಬ್ಬರನ್ನೂ ತೆರೆಯ ಮುಂದೆ ಕೂರಿಸಿದೆ. ಮೂರು ಕಾಳು ಮಾಯವಾಗಿದ್ದವು. ಹುರಿಯನ್ನು ಒತ್ತುತ್ತಿದ್ದದ್ದು ಮುದುಡಿತ್ತು. ಉಳಿದವು ಇದ್ದಲ್ಲೇ ಇದ್ದವು. ಮಾನ್ಯಾ ಬೆರಳಿಟ್ಟು ಎಣಿಸಿದಳು, ಆರು. ಪೂರ್ತಿ ಹೋಗುವುದಿಲ್ಲವೇ ಎಂದು ಸುಮಿತ್ರಾ ಕೇಳಿದಳು. ಹೋಗದೆಯೂ ಇರಬಹುದು, ಬೆಳೆಯದಿದ್ದರೆ ಸಾಕು, ನೋಡುತ್ತಲೇ ಇರಬೇಕು ಎಂದರು ಡಾಕ್ಟರು. ಅಲ್ಲಿಂದ ಮುಂದೆ ಪ್ರತಿ ಸಲವೂ ಅವಳು ಕೇಳುತ್ತಿದ್ದದ್ದು ಒಂದೇ ಮಾತು, "ಹಾಗೇ ಅದ್ಯಾ?" ಹಾಗೇ ಇದೆ ಎಂದರೆ ಅವಳ ಮುಖ ಸಡಿಲವಾಗುತ್ತಿತ್ತು. ಬೇರೆಯವರಿಗೆ ಇದೊಂದು ಒಳ್ಳೆಯ ಸುದ್ದಿ ಎಂದೂ ಅನ್ನಿಸಲಿಕ್ಕಿಲ್ಲ. ನನಗಂತೂ ಈ ಕೆಲಸದಲ್ಲಿ ಇದಕ್ಕಿಂತ ಇಷ್ಟದ ಮಾತು ಇಲ್ಲ.

ನಾನು ನಿವೃತ್ತಳಾಗುವ ತಿಂಗಳಲ್ಲೂ ಅವರ ಸರದಿ ಇತ್ತು. ಮಾನ್ಯಾಳಿಗೆ ಆಗ ಹನ್ನೆರಡು. ಎತ್ತರ ನನ್ನ ಭುಜ ದಾಟಿತ್ತು. ಎಡಗಾಲಲ್ಲಿ ತುಸು ಎಳೆತ ಉಳಿದಿತ್ತು, ಹುಡುಕಿದರೆ ಮಾತ್ರ ಕಾಣುವಷ್ಟು. ಕಾಳು ಆರೇ. ಹಾಗೇ ಇದೆ ಎಂದರು ಡಾಕ್ಟರು. ಸಿಡಿ, ವರದಿ ಎಲ್ಲ ಚೀಲಕ್ಕೆ ಹಾಕಿಕೊಂಡು ತಾಯಿ ಮಗಳು ಹೊರಟರು. ನಾನೂ ಬಾಗಿಲವರೆಗೆ ಹೋದೆ. ನಮ್ಮ ಸೆಂಟರಿನ ಎದುರು ಹನ್ನೊಂದು ಮೆಟ್ಟಿಲು, ಒಂದು ಕಾಲದಲ್ಲಿ ಸುಮಿತ್ರಾ ಮಗಳನ್ನು ಎತ್ತಿಕೊಂಡೇ ಹತ್ತುತ್ತಿದ್ದವು, ಕೆಳಗೆ ರಸ್ತೆ. ಕರ್ಕಿಯ ಕಡೆ ಹೋಗುವ ಬಸ್ಸು ಮೂಲೆ ತಿರುಗಿ ಬರುತ್ತಿತ್ತು. ಮಾನ್ಯಾ ಅದನ್ನು ಕಂಡವಳೇ ತಾಯಿಯ ಕೈ ಬಿಡಿಸಿಕೊಂಡು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಸ್ಸಿನ ಕಡೆ ಓಡಿದಳು.

"ಏ ಮಾನ್ಯಾ, ಓಡ್ಬ್ಯಾಡ. ಎಷ್ಟ್ ಸಲ ಹೇಳೂದು ನಿಂಗೆ, ಓಡ್ಬ್ಯಾಡ ಹೇಳಿ" ಎಂದು ಸುಮಿತ್ರಾ ಮೇಲಿನಿಂದ ಗದರಿದಳು.

ಆಮೇಲೆ ಅಲ್ಲೇ ನಿಂತುಬಿಟ್ಟಳು. ಬಸ್ಸು ಬಂದರೂ ಮೆಟ್ಟಿಲು ಇಳಿಯಲಿಲ್ಲ. ನನ್ನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ಅಕ್ಕೋರೆ, ನಾ ಈಗ ಮಗೀಗೆ ಎಂತ ಹೇಳ್ದೆ?"

"ಓಡ್ಬ್ಯಾಡ ಹೇಳ್ದೆ" ಎಂದೆ.